ಕದ ಬಡಿದವನು ನಿಲ್ಲಬೇಕು

ಅನಗೋಳ, ಬೆಳಗಾವಿ
ಫೆಬ್ರುವರಿ ೨೧, ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಆಯಿಗೆ,

ನಿನ್ನ ಒಬ್ಬನೇ ಮೊಮ್ಮಗ, ನಮ್ಮ ವಾರ್ಡಿನ ಪಕ್ಷೇತರ ಅಭ್ಯರ್ಥಿ ಶ್ರೀಮತಿ ನೇತ್ರಾ ಅವರ ಪ್ರಚಾರ ಸಮಿತಿಯ ಅಧ್ಯಕ್ಷ, ಕಾರ್ಯದರ್ಶಿ ಹಾಗೂ ಏಕೈಕ ಸದಸ್ಯನಾದ ಸುಜಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮೊಣಕಾಲು ಹೇಗಿದೆ? ನಿನ್ನ ತಮ್ಮ ಮಲಗೌಡಜ್ಜನ ಹಿತ್ತಲಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀಯೋ, ಇಲ್ಲ ‘ನನಗೇನಾಗೇತಿ’ ಎಂದು ಹಾಗೆಯೇ ಇಳಿಯುತ್ತೀಯೋ? ಬೆಳಗಿನ ಗುಳಿಗೆ ಬೆಳಗ್ಗೆಯೇ ನುಂಗು. ಮರೆತದ್ದನ್ನೂ ಸೇರಿಸಿ ಸಂಜೆ ಎರಡು ನುಂಗುವ ನಿನ್ನ ಪದ್ಧತಿಯನ್ನು ವೈದ್ಯಲೋಕ ಇನ್ನೂ ಒಪ್ಪಿಲ್ಲ. ನಿನ್ನ ತವರಿನವರೆಲ್ಲ, ಎಮ್ಮೆ ಸಹಿತ, ಸೌಖ್ಯವೆಂದು ನಂಬಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಪಾರಿಶ್ವಾಡಕ್ಕೆ ಹೋಗಿ ಹದಿನೆಂಟು ದಿನವಾಯಿತು, ನಾನು ಒಂಬತ್ತು ಸಲ ಫೋನು ಮಾಡಿದೆ, ಒಂಬತ್ತು ಸಲವೂ ‘ಕೇಳಸವಲ್ದಪಾ, ಕೇಳಸವಲ್ದು’ ಎಂದು ಇಟ್ಟುಬಿಟ್ಟೆ. ಮೊನ್ನೆ ಮಂಗಳವಾರ ಬಾಜು ಮನೆಯ ಶಬ್ಬೀರ ಕಾಕಾನ ಫೋನಿನಿಂದ ಬದನೆಕಾಯಿ ವ್ಯಾಪಾರಿಯೊಬ್ಬ ಮಾತಾಡಿದಾಗ ಮಾತ್ರ ನಿನಗೆ ಸೊಗಸಾಗಿ ಕೇಳಿಸಿತು, ಹತ್ತು ನಿಮಿಷ ದರಕ್ಕೆ ಜಗ್ಗಾಡಿದೆ. ಆ ವ್ಯಾಪಾರಿ ನಾನೇ. ಕ್ಷಮೆ ಇರಲಿ. ಕಿವಿ ನೆಟ್ಟಗಿದೆ ಎಂದು ತಿಳಿದು ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿದೆ. ಹಾಗಾಗಿ ಈ ಪತ್ರ. ಕಾಕಾ ಇನ್ನೇನು ತರಕಾರಿ ತರಲು ಟೆಂಪೋ ತೆಗೆದುಕೊಂಡು ಪಾರಿಶ್ವಾಡಕ್ಕೆ ಹೊರಡುತ್ತಾನೆ. ಪತ್ರವನ್ನು ನಿನ್ನ ಕೈಗೇ ಕೊಟ್ಟು, ನೀನು ಅದನ್ನು ಒಲೆಗೆ ಹಾಕುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೊರಡಬೇಕೆಂದು ಹೇಳಿದ್ದೇನೆ.

ಮೊದಲು, ನೀನು ಅಲ್ಲಿ ಯಾಕಿದ್ದೀ ಎಂಬುದನ್ನು ದಾಖಲೆಗೆಂದು ಬರೆದಿಡುತ್ತೇನೆ. ಮುಂದೆ ಇತಿಹಾಸಕಾರರು ಜಗಳವಾಡಬಾರದಲ್ಲ. ಮಳೆ ಬಂದಾಗೊಮ್ಮೆ ನಮ್ಮ ಓಣಿಯ ಗಟಾರು ಮನೆಗಳಿಗೆ ಬಂದು ಹೋಗುವುದು ನಿನಗೆ ಗೊತ್ತೇ ಇದೆ. ಮೂರು ವರ್ಷ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಅವ್ವ ತಾನೇ ಚುನಾವಣೆಗೆ ನಿಂತಳು. ನಾಮಪತ್ರ ಕೊಟ್ಟು ಮನೆಗೆ ಬಂದಾಗ ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: ‘ಹೊಲಿಗಿ ಮಶೀನಿಗೆ ಕುಂತು ದುಡಿಯೂದು ಬಿಟ್ಟು ಮಂದಿ ಹೊಸ್ತಿಲಕ್ಕ ನಿಂತು ಕೈ ಚಾಚೂದಂದ್ರ ಏನು? ಜಂಗಮರು ಬೇಡತಾರ, ಅದು ಅವರ ಪದ್ಧತಿ. ನಮ್ಮ ಮನ್ಯಾಗ ಬೇಡಿದಾವ್ರು ಯಾರೂ ಇಲ್ಲ.’ ಅವ್ವ ಕತ್ತರಿಯಿಂದ ಕಣ್ಣು ಎತ್ತದೆ ಹೇಳಿದಳು: ‘ಹೊಸ್ತಿಲಾ ದಾಟಿ ಗೊತ್ತಿಲ್ಲದಾವ್ರು ಹೊಸ್ತಿಲದ ಮಾತು ಆಡಬಾರದು.’ ನಿನ್ನ ಮಗ, ಅಂದರೆ ನಮ್ಮಪ್ಪ, ಎಂದಿನಂತೆ ತಟಸ್ಥ ರಾಷ್ಟ್ರವಾಗಿ ಟಿವಿಯ ದನಿ ಹೆಚ್ಚಿಸಿದ. ಸಂಜೆಯೊಳಗೆ ನಿನ್ನ ಚೀಲ ತುಂಬಿತ್ತು. ‘ಆಕಿ ಸೋತ ಮ್ಯಾಲ ಬರತೀನಿ’ ಎಂದು ಬಸ್ಸು ಹತ್ತಿದೆ. ಗೆದ್ದರೆ ಏನು ಮಾಡುವುದು ಎಂಬ ಬಗ್ಗೆ ನಿನ್ನ ಆದೇಶದಲ್ಲಿ ಏನೂ ಇರಲಿಲ್ಲ. ಬರುವ ಗುರುವಾರ ಮತದಾನ. ನಿನ್ನ ಹೆಸರು ಈಗಲೂ ಅನಗೋಳದ ಪಟ್ಟಿಯಲ್ಲೇ ಇದೆ. ಫೋಟೋದಲ್ಲಿ ನೀನು ಫೋಟೋ ತೆಗೆಯುವವನನ್ನು ಗದರಿಸುತ್ತಿರುವಂತೆ ಕಾಣುತ್ತೀ.

ಈಗ ನನ್ನ ಕಥೆಗೆ ಬರುತ್ತೇನೆ. ಮೊದಲ ಎರಡು ವಾರ ಅವ್ವ ಮನೆಮನೆಗೆ ಒಬ್ಬಳೇ ಹೋದಳು, ದಿನಕ್ಕೆ ನೂರು ಸಲ ಗಟಾರಿನ ಕಥೆ ಹೇಳಿದಳು, ಕೊನೆಗೆ ಅವಳ ದನಿಯೇ ಕೂತುಬಿಟ್ಟಿತು. ಹಿಂಡಲಗಾದಲ್ಲಿ ಶಿಕ್ಷೆ ಎಂದರೆ ಜೈಲೇ ಆಗಬೇಕಿಲ್ಲ ಆಯಿ. ಅಲ್ಲಿನ ಗಂಟಲಿನ ಡಾಕ್ಟರು ಮಂಗಳವಾರ ಅವ್ವನಿಗೆ ಏಳು ದಿನದ ಮೌನ ವಿಧಿಸಿದರು, ಪಿಸುಮಾತೂ ಕೂಡದು. ಉಳಿದ ಓಣಿಗಳೆಲ್ಲ ನಮ್ಮ ಮನೆಯ ಸುತ್ತಮುತ್ತಲಿನವೇ. ಅವ್ವ ಕೈಮುಗಿದು ನಿಲ್ಲಬೇಕು, ನಾನು ಮಾತಾಡಬೇಕು ಎಂದು ಠರಾವಾಯಿತು. ಕಾಲೇಜಿನಲ್ಲಿ ಕೆಟ್ಟುಹೋದ ಫ್ಯಾನಿಗೆ ಶ್ರದ್ಧಾಂಜಲಿ ಸಭೆ ಮಾಡಿ, ಪ್ರಾಂಶುಪಾಲರನ್ನೂ ಎರಡು ನಿಮಿಷ ಎದ್ದು ನಿಲ್ಲಿಸಿದವನು ನಾನು. ನಾಲ್ಕು ಬಾಗಿಲು ನನಗೆ ಯಾವ ಲೆಕ್ಕ ಎಂದು ಎಲ್ಲರೂ ಅಂದುಕೊಂಡರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಯಾಕೆಂದು ಈ ಜಗತ್ತಿನಲ್ಲಿ ನಿನಗೊಬ್ಬಳಿಗೇ ಗೊತ್ತು.

ನಾನು ಹತ್ತು ವರ್ಷದವನಿದ್ದಾಗ ಓಣಿಯ ಬೆಲ್ಲುಗಳನ್ನೆಲ್ಲ ಒತ್ತಿ ಓಡುತ್ತಿದ್ದೆನಲ್ಲ. ಬಾಳಾಸಾಹೇಬ ಮಾಸ್ತರರ ಮನೆಯ ಬೆಲ್ಲು ಗುಬ್ಬಿಯ ಹಾಗೆ ಕೂಗುತ್ತಿತ್ತು, ಅದಕ್ಕೇ ಅವರ ಮೇಲೆ ನನಗೆ ವಿಶೇಷ ಪ್ರೀತಿ. ಸಾಲಾಗಿ ಹನ್ನೊಂದು ದಿನ ಒತ್ತಿದೆ. ಹನ್ನೆರಡನೆಯ ದಿನ ಮೆಟ್ಟಿಲು ಆಗಷ್ಟೇ ತೊಳೆದಿದ್ದರು. ಅವರ ಹೆಂಡತಿ ಲಕ್ಷ್ಮೀಬಾಯಿ ಬಾಗಿಲು ತೆಗೆದು, ಯಾರೆಂದು ನೋಡಲು ಒಂದು ಮೆಟ್ಟಿಲು ಇಳಿದು, ಜಾರಿ ಬಿದ್ದರು. ನಿಂತಿದ್ದ ಸ್ಕೂಟರಿನ ಹಿಂದಿನಿಂದ ನಾನು ಅದನ್ನು ನೋಡಿದೆ. ನೋಡಿ ಓಡಿದೆ. ನೀನು ನನ್ನನ್ನು ಜೋಳದ ಡಬ್ಬಿಯ ಹಿಂದಿನಿಂದ ಎಳೆದು ತೆಗೆದೆ, ಬಾಯಿ ಬಿಡಿಸಿದೆ, ಹೊಡೆಯಲಿಲ್ಲ, ಅವ್ವನಿಗೂ ಹೇಳಲಿಲ್ಲ. ‘ಕದಾ ಬಡದಾವ ನಿಂದರಬೇಕು. ಓಡಿದಾವನ ಕಾಲು ಸಾಯೂತನಕಾ ಓಡತಾವ’ ಎಂದಷ್ಟೇ ಹೇಳಿ, ನಾಳೆ ಇಬ್ಬರೂ ಹೋಗೂಣು ಎಂದೆ. ಮರುದಿನ ಅವರ ಕೈಗೆ ಪ್ಲಾಸ್ಟರು ಹಾಕಿದ್ದು ಕಂಡಿತು. ನೀನೂ ಹೋಗಲಿಲ್ಲ ಆಯಿ. ಯಾಕೆ ಏನು ಎಂದು ಹೇಳದೆ ಅವ್ವನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದೆ. ಅಂದಿನಿಂದ ಆ ಮನೆಯ ಮುಂದೆ ಹಾದು ಹೋಗುವಾಗ ನಾವಿಬ್ಬರೂ ಆಕಾಶ ನೋಡುತ್ತೇವೆ.

ಬುಧವಾರ ಬೆಳಗ್ಗೆ ಪ್ರಚಾರ ಸಮಿತಿ ಹೊರಬಿದ್ದಿತು. ಅಪ್ಪನ ಬಿಳಿ ಜುಬ್ಬಾ, ಅವ್ವನ ಹೊಲಿಗೆ ಕ್ಲಾಸಿನ ಹೆಣ್ಣುಮಕ್ಕಳು ಹೊದಿಸಿದ ಶಾಲು, ಹೆಗಲಿಗೆ ಕರಪತ್ರ ತುಂಬಿದ ಬಟ್ಟೆಯ ಚೀಲ. ಮೊದಲ ಮನೆ ನಿನ್ನ ಗೆಳತಿ ಶಿವಬಸವ್ವನದು. ಕದ ಬಡಿದೆ. ಬಡಿದೊಡನೆ ನನ್ನ ಕಾಲು ತಾವಾಗಿಯೇ ತಿರುಗಿದವು. ಹಳೆಯ ರೂಢಿ. ಅವ್ವ ಹಿಂದಿನಿಂದ ಶಾಲಿನ ಸೆರಗು ಹಿಡಿದು ನಿಂತಿದ್ದರಿಂದ ಪ್ರಜಾಪ್ರಭುತ್ವ ಉಳಿಯಿತು. ‘ಯಾರವರು?’ ಎಂದಿತು ಒಳಗಿನ ದನಿ. ನನಗೆ ಬಾಯಿ ಒಣಗಿತ್ತು, ಅವ್ವನಿಗೆ ಡಾಕ್ಟರ ಆಜ್ಞೆ. ‘ಯಾರಂತ ಹೇಳಬಾರದ? ಬಾಯಾಗ ಏನ ಇಟ್ಕೊಂಡೀರಿ?’ ಎನ್ನುತ್ತ ಬಂದ ಶಿವಬಸವ್ವ ಪೊರೆ ಬಂದ ಕಣ್ಣಿನಿಂದ ನೋಡುತ್ತಾಳೆ: ಬಿಳಿ ಬಟ್ಟೆ, ಶಾಲು, ಜೋಳಿಗೆಯಂಥ ಚೀಲ, ಮಾತಿಲ್ಲದೆ ನಿಂತವರು ಇಬ್ಬರು. ‘ಜಂಗಮ ಅಯ್ನಾರೇನ್ರೀ? ಇವತ್ತ ಸೋಮಾರ ಅಲ್ಲಲ್ಲ. ಇರಲಿ, ಬಂದಾವ್ರನ್ನ ಬರಿಗೈಲೆ ಕಳಸಬಾರದು’ ಎಂದು ಒಳಗೆ ಹೋಗಿ, ಒಂದು ಮೊರದ ತುಂಬ ಜೋಳ ತಂದು ಕರಪತ್ರಗಳ ಮೇಲೆ ಸುರಿದು, ನನ್ನ ಕಾಲು ಮುಟ್ಟಲು ಬಾಗಿದಳು. ಎಂಬತ್ತೈದರ ಮುದುಕಿ ನನ್ನ ಕಾಲಿಗೆ ಬಾಗಿದಾಗ ಬೇರೆ ದಾರಿಯಿಲ್ಲದೆ ದನಿ ಹೊರಬಂತು: ‘ಆಯಿ, ನಾ ಅಯ್ನಾರ ಅಲ್ಲರೀ, ಚಂದ್ರವ್ವನ ಮೊಮ್ಮಗ. ವೋಟ ಕೇಳಾಕ ಬಂದೇನಿ.’ ಅವಳು ಬಾಗಿದಲ್ಲಿಂದಲೇ ಹೇಳಿದಳು, ‘ಚಂದ್ರವ್ವನ ಮೊಮ್ಮಗ? ಹಂಗಾರ ಜೋಳಾ ವಾಪಸ್ ಸುರು.’ ಆಮೇಲೆ ನೆಟ್ಟಗಾಗಿ, ಬೊಚ್ಚುಬಾಯಿ ತುಂಬ ನಕ್ಕಳು. ‘ಇರಲಿ, ಇಟ್ಕೊ. ಹೋದ ಸಲದಾವ್ರು ಗಾಡಿ ಮ್ಯಾಲಿಂದ ಕೈ ಬೀಸಿ ಹೋದ್ರು. ನೀವು ಕದದ ಮಟಾ ಬಂದೀರಲ್ಲ.’ ಹೀಗೆ, ನಾವು ಮಂದಿಯ ಹೊಸ್ತಿಲಲ್ಲಿ ಬೇಡುತ್ತೇವೆ ಎಂಬ ನಿನ್ನ ಭವಿಷ್ಯವಾಣಿ ಮೊದಲ ಬಾಗಿಲಲ್ಲೇ ನಿಜವಾಯಿತು. ನಿನ್ನ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ದನಿಯಿಲ್ಲದೆ ನಗುತ್ತಿದ್ದಳು. ನೀನು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಕಾಲು ಸ್ವಲ್ಪ ಮಾತು ಕೇಳತೊಡಗಿದವು. ಬೈಸಿಕೊಂಡೆವು, ಚಹಾ ಕುಡಿದೆವು, ಒಂದು ಮನೆಯಲ್ಲಿ ನಾಯಿ ನಮ್ಮ ಕರಪತ್ರವನ್ನು ಬಹಳ ಆಸ್ಥೆಯಿಂದ ಹರಿಯಿತು. ಒಬ್ಬ ಹೆಣ್ಣುಮಗಳು ‘ನನ್ನ ಜಂಪರ ಯಾವಾಗ ಕೊಡತೀರಿ ಅಕ್ಕಾರ?’ ಎಂದಾಗ ಅವ್ವ ನಾಲ್ಕು ಬೆರಳು ತೋರಿಸಿದಳು, ನಾಲ್ಕು ದಿನ ಎಂದು. ಅವಳ ಗಂಡ ‘ತಿಳೀತ್ರೀ, ನಾಕನೇ ನಂಬರಿಗೆ ಹಾಕತೇವಿ’ ಎಂದ. ನಾಲ್ಕನೆಯ ನಂಬರು ಅವ್ವನ ಎದುರಾಳಿಯದು. ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಬೆವರಿಳಿಯಿತು. ಇಷ್ಟು ಬಾಗಿಲುಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪಲಿಲ್ಲ. ಗಟಾರಿನದಲ್ಲ, ಬೀದಿ ದೀಪದ್ದಲ್ಲ. ‘ಚಂದ್ರವ್ವ ಎಲ್ಲಿ? ಆಕಿ ಬರಲಿಲ್ಲೇನು?’ ಹೊಸ್ತಿಲು ದಾಟದವಳು ಎನಿಸಿಕೊಂಡ ನಿನ್ನನ್ನು ಪ್ರತಿ ಹೊಸ್ತಿಲೂ ಕೇಳುತ್ತದೆ ಆಯಿ. ‘ಮೊಣಕಾಲಿಗೆ ತವರ ಹವಾ ಬೇಕಂತ ಹೋಗ್ಯಾಳ್ರಿ’ ಎಂದು ನಾನು ಹೇಳುತ್ತಿದ್ದೆ. ಆಗೆಲ್ಲ ಅವ್ವ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿರುತ್ತಿದ್ದಳು.

ನಿನ್ನೆ ಸಂಜೆ ಉಳಿದದ್ದು ಒಂದೇ ಮನೆ. ನಾನು ಅದನ್ನು ಎರಡು ದಿನದಿಂದ ಬಿಟ್ಟು ಬಿಟ್ಟು ಮುಂದೆ ಹೋಗಿದ್ದೆ. ಒಮ್ಮೆ ತಲೆನೋವು, ಒಮ್ಮೆ ಕರಪತ್ರ ಮುಗಿದವು. ನಿನ್ನೆ ಅವ್ವ ತಾನೇ ಆ ಗೇಟು ತೆರೆದು ನನ್ನ ಮುಖ ನೋಡಿದಳು. ಲಕ್ಷ್ಮೀಬಾಯಿ ಬಿದ್ದ ಮೇಲೆ ಯಾರೂ ಒತ್ತದಂತೆ ಬೆಲ್ಲಿನ ಗುಂಡಿಗೆ ಅಂಟಿಸಿದ ಬಿಳಿ ಪಟ್ಟಿ ಈಗಲೂ ಇದೆ, ಹಳದಿಯಾಗಿದೆ. ಕದ ಬಡಿದೆ. ಬಾಳಾಸಾಹೇಬ ಮಾಸ್ತರರು ಬಾಗಿಲು ತೆಗೆದು, ಕನ್ನಡಕ ಏರಿಸಿ, ‘ಹೂಂ’ ಎಂದರು. ನನಗೆ ಹೊಲಿಗೆ ಯಂತ್ರದ ಗುರುತು, ಏಳನೆಯ ನಂಬರು, ಗಟಾರು, ಎಲ್ಲ ಬಾಯಿಪಾಠ. ಬಾಯಿಗೆ ಬಂದದ್ದು ಬೇರೆಯೇ: ‘ಸರ್, ಬೆಲ್ ಒತ್ತಿ ಓಡತಿದ್ದಾವ ನಾನರೀ. ಲಕ್ಷ್ಮೀಬಾಯಾರು ಬಿದ್ದ ದಿನಾನೂ ನಾನರೀ.’ ಹಿಂದೆ ಅವ್ವ ಉಸಿರೆಳೆದುಕೊಂಡದ್ದು ಕೇಳಿಸಿತು. ಮಾಸ್ತರರು ನನ್ನನ್ನು ನೋಡಿದರು, ಒಳಗೆ ತಿರುಗಿದರು, ಹಾಜರಿ ಕೂಗುವ ದನಿಯಲ್ಲಿ ಹೇಳಿದರು: ‘ಏ, ಬಾ ಇಲ್ಲಿ. ಹನ್ನೆರಡನೇ ದಿನದಾಂವ ಬಂದಾನ.’

ಲಕ್ಷ್ಮೀಬಾಯಿ ಕೋಲು ಊರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ‘ಬರ್ರಿ, ಕುಂದರ್ರಿ’ ಎಂದು ಅವ್ವನಿಗೆ ಹೇಳಿದರು, ನನಗೆ ಹೇಳಲಿಲ್ಲ. ‘ಹನ್ನೊಂದ ದಿನಾ ಓಡೀದಿ, ಅದು ಹುಡುಗಾಟಿಕಿ. ಹನ್ನೆರಡನೇ ದಿನಾ ಯಾಕ ಓಡೀದಿ? ಅವತ್ತ ಮನ್ಯಾಗ ಯಾರೂ ಇದ್ದಿದ್ದಿಲ್ಲ. ಹಾಲಿನಾವ ಬರೂತನಕಾ ಕೈ ಹಿಡ್ಕೊಂಡು ಮೆಟ್ಟಲ ಮ್ಯಾಲ ಕುಂತಿದ್ನಿ.’ ಎಂಥ ಗಂಭೀರ ಸಭೆಯಲ್ಲೂ ನನಗೊಂದು ಕುಚೋದ್ಯ ಸಿಗುತ್ತದೆ ಎಂದು ನೀನು ಬೈಯುತ್ತಿದ್ದೆ. ನಿನ್ನೆ ಸಿಗಲಿಲ್ಲ. ‘ತಪ್ಪಾತ್ರಿ’ ಎಂದೆ. ಅವರು ಮಾಸ್ತರರಿಗೆ ಆ ಪಟ್ಟಿ ಕೀಳಲು ಹೇಳಿದರು. ನಾನು ಅಪ್ಪನ ಅಂಗಡಿಗೆ ಓಡಿ ಎರಡು ಸೆಲ್ಲು ತಂದು ಹಾಕಿದೆ. ಹತ್ತು ವರ್ಷದ ಗುಬ್ಬಿ ಬದುಕಿತ್ತು. ದನಿ ಮಾತ್ರ ಅವ್ವನ ಹಾಗೆ ಒಡೆದಿತ್ತು. ‘ಈಗ ಹೊರಗ ಹೋಗಿ ಒತ್ತು. ಒತ್ತಿ ನಿಂದರು’ ಎಂದು ಬಾಗಿಲು ಹಾಕಿಕೊಂಡು ಲಕ್ಷ್ಮೀಬಾಯಿ ಅಡುಗೆಮನೆಗೆ ಹೋದರು.

ಒತ್ತಿದೆ. ನಿಂತೆ. ಆಯಿ, ನಾನು ಆ ಬೆಲ್ಲು ಅಷ್ಟು ಸಲ ಒತ್ತಿದ್ದೇನೆ, ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೊದಲು ಕೋಲಿನ ಸಪ್ಪಳ. ಆಮೇಲೆ ಚಪ್ಪಲಿ ಎಳೆಯುವ ಸಪ್ಪಳ. ನಡುವೆ ನಿಂತು ಗೋಡೆ ಹಿಡಿದುಕೊಂಡದ್ದು, ಬಳೆ ಗೋಡೆಗೆ ತಾಗಿದ್ದು. ಮತ್ತೆ ಕೋಲು. ಏನು ಮಾಡುವುದೆಂದು ತಿಳಿಯದೆ ನಾನು ಎಣಿಸುತ್ತಿದ್ದೆ. ಚಿಲಕ ತೆರೆದಾಗ ಎಂಬತ್ತಮೂರು. ಹತ್ತು ವರ್ಷದ ಹಿಂದೆ ಅವರು ಇನ್ನೂ ಗಟ್ಟಿಯಿದ್ದರು, ನಲವತ್ತಕ್ಕೋ ಐವತ್ತಕ್ಕೋ ಬರುತ್ತಿದ್ದರೇನೋ. ನಾನು ಹತ್ತು ಎಣಿಸುವುದರೊಳಗೆ ಓಣಿಯ ಆ ತುದಿಯಲ್ಲಿ ಇರುತ್ತಿದ್ದೆ. ಹನ್ನೆರಡು ದಿನ ಅವರು ಅಷ್ಟು ದೂರ ನಡೆದು ಬಂದು, ಯಾರೂ ಇಲ್ಲದಲ್ಲಿಗೆ ಬಾಗಿಲು ತೆರೆದಿದ್ದರು. ನಿನ್ನೆ ತೆರೆದಾಗ ನಾನಿದ್ದೆ. ‘ಯಾರು ಬೇಕಾಗಿತ್ತು?’ ಎಂದರು, ಏನೂ ಗೊತ್ತಿಲ್ಲದವರ ಹಾಗೆ. ನಾನು ಅವ್ವನ ಹೆಸರು, ಗುರುತು, ಗಟಾರು ಎಲ್ಲವನ್ನೂ ಒಂದಕ್ಷರ ತಪ್ಪದೆ ಹೇಳಿದೆ. ‘ವೋಟ ಹಾಕತೇವಿ ಅಂತ ಹೇಳೂದಿಲ್ಲ, ಅದು ಗುಪ್ತ’ ಎಂದರು ಒಳಗಿನಿಂದ ಮಾಸ್ತರರು. ‘ಗಟಾರ ಮಾತ್ರ ಪರೀಕ್ಷಾದಾಗ ಬರೂ ಪ್ರಶ್ನೆ. ಗೆದ್ರ ಉತ್ತರಾ ಬರೀಬೇಕು.’

ನಿನಗೂ ಒಂದು ಮಾತಿದೆ. ಉಂಡಿಯ ಡಬ್ಬಿ ಬಂದ ದಿನವೇ ಲಕ್ಷ್ಮೀಬಾಯಿಗೆ ಎಲ್ಲ ತಿಳಿದಿತ್ತಂತೆ. ‘ಕಾರಣ ಇಲ್ಲದ ಚಂದ್ರವ್ವ ಉಂಡಿ ಕಟ್ಟಾಕಿ ಅಲ್ಲ. ಒಂದಿನಾ ತಾನ ಬರತಾಳ ಅಂತ ಹತ್ತ ವರ್ಷಾ ಕಾದ್ನಿ. ಬೆಲ್ಲಾ ಒಂದ ಕೈ ಹೆಚ್ಚಾಗಿತ್ತಂತ ಆಕಿಗೆ ಹೇಳಬೇಕಿತ್ತು.’ ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಬಂತು: ‘ಎಲ್ಲಿ ಅದಾಳ ಆಕಿ?’ ನಾನು ಮೊಣಕಾಲು, ತವರ ಹವಾ ಎಂದು ಶುರು ಮಾಡಿದ್ದೆ, ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. ನನ್ನ ಜೇಬಿನ ಪೆನ್ನು ತೆಗೆದು, ಕರಪತ್ರದ ಹಿಂಬದಿಯಲ್ಲಿ ಬರೆದು ಮಾಸ್ತರರ ಕೈಗೆ ಕೊಟ್ಟಳು. ಅವರು ಗಟ್ಟಿಯಾಗಿ ಓದಿದರು. ಲಕ್ಷ್ಮೀಬಾಯಿ ಎದ್ದು ಅವ್ವನಿಗೆ ಕುಂಕುಮ ಹಚ್ಚಿದರು, ಉಡಿ ತುಂಬಿದರು, ಸೆರಗಿನ ಗಂಟನ್ನು ತಾವೇ ಕಟ್ಟುತ್ತ ಹೇಳಿದರು: ‘ಓಣಿ ತುಂಬ ಮಂದಿ ಕದಾ ಬಡದಿ. ಅತ್ತಿ ಕದಾ ಬಡಿಯಾಕ ಏನ ಧಾಡಿ ನಿನಗ?’

ಆ ಕರಪತ್ರವನ್ನು ನಾನು ಕೇಳಿ ಇಸಿದುಕೊಂಡು ಬಂದಿದ್ದೇನೆ. ಇದರೊಳಗೆ ಮಡಚಿ ಇಟ್ಟಿದ್ದೇನೆ, ಅವ್ವನಿಗೆ ಗೊತ್ತಿಲ್ಲ. ಅದರ ಮುಂಬದಿ ನೋಡಬೇಡ, ಅಲ್ಲಿ ಅವಳು ಎಲ್ಲ ಅಭ್ಯರ್ಥಿಗಳ ಹಾಗೆ ನಗುತ್ತಿದ್ದಾಳೆ. ಹಿಂಬದಿ ಓದು. ಜೊತೆಗಿರುವ ಬಟ್ಟೆಯ ಗಂಟಿನಲ್ಲಿ ನಾಲ್ಕು ರೊಟ್ಟಿಗಳಿವೆ. ಶಿವಬಸವ್ವನ ಜೋಳವನ್ನು ಬೀಸಿಸಿ ತಂದು ಅವ್ವನೇ ಬೆಳಗ್ಗೆ ಬಡಿದದ್ದು. ಯಾರಿಗೆ ಎಂದು ಕೇಳಿದರೆ ನಿನ್ನ ತವರಿನ ದಿಕ್ಕಿಗೆ ಕೈ ತೋರಿಸಿದಳು.

ಮಲಗೌಡಜ್ಜನಿಗೆ ನನ್ನ ನಮಸ್ಕಾರ, ಮನೆಯ ಮಕ್ಕಳಿಗೆ ನನ್ನ ಹೆಸರಿನಲ್ಲಿ ತಲಾ ಒಂದು ಮೃದುವಾದ ಗುದ್ದು, ಎಮ್ಮೆಗೆ ಯಥೋಚಿತ ಗೌರವ. ಅಪ್ಪ ಇನ್ನೂ ತಟಸ್ಥನಾಗಿಯೇ ಇದ್ದಾನೆ. ಆದರೆ ನಿನ್ನ ಹಾಸಿಗೆಯನ್ನು ದಿನಾ ಝಾಡಿಸಿ ಹಾಕುವವನು ಅವನೇ. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ, ಅಲ್ಲಿಂದಲೇ ತಲೆಯ ಮೇಲೆ ಕೈ ಇಡು.

ಇಂತಿ ನಿನ್ನ,
ಹನ್ನೆರಡನೆಯ ದಿನದವನು,
ಸುಜಯ

ತಾ.ಕ.: ಕಾಕಾ ಹಾರ್ನು ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾಳೆ ಭಾನುವಾರ ಪ್ರಚಾರ ಇಲ್ಲ. ಬೆಳಗ್ಗೆ ಅವ್ವನೂ ನಾನೂ ಪಾರಿಶ್ವಾಡಕ್ಕೆ ಬರುತ್ತೇವೆ. ವೋಟು ಕೇಳುವುದಿಲ್ಲ, ಅದು ಗುಪ್ತ. ಅವ್ವನಿಗೆ ಮಂಗಳವಾರದವರೆಗೆ ಮಾತಿಲ್ಲ, ಜಗಳವನ್ನು ನೀನೊಬ್ಬಳೇ ಪೂರಾ ಆಡಬಹುದು. ಇಂಥ ಅವಕಾಶ ಮತ್ತೆ ಸಿಗಲಿಕ್ಕಿಲ್ಲ. ಅವಳು ಬರೆದದ್ದನ್ನು ಮಾಸ್ತರರು ಓದಿದ ಹಾಗೆಯೇ ಇಲ್ಲಿ ಬರೆಯುತ್ತೇನೆ, ಕಾಗದ ಎಲ್ಲಾದರೂ ಬಿದ್ದೀತು: ‘ನನ್ನ ಮಾತಿಗೆ ನೊಂದು ಹೋಗ್ಯಾರ. ಕರೀಲಿಕ್ಕೆ ಹೋಗಬೇಕು, ಧೈರ್ಯ ಆಗವಲ್ದು. ಕದಾ ತಗೀಲಿಲ್ಲಂದ್ರ?’ ನಾಳೆ ಕದ ಹಾಕಿಕೊಂಡೇ ಇರು, ಅಡ್ಡಿಯಿಲ್ಲ. ಬಡಿಯುವವಳು ಅವ್ವ. ಏಳುವಾಗ ಅವಸರ ಮಾಡಬೇಡ, ಗೋಡೆ ಹಿಡಿದುಕೊಂಡು ಬಾ, ನಿನ್ನ ಮೊಣಕಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ತಗೋ. ನಾನು ಎಣಿಸುತ್ತಿರುತ್ತೇನೆ. ಇಬ್ಬರೂ ನಿಂತಿರುತ್ತೇವೆ.